ಎಕ್ಯೂಐ ‘ಸಮಾಧಾನಕರ’ ಎಂದರೂ ಬೆಂಗಳೂರಿಗೇಕೆ ಕೆಮ್ಮು?

ಚಳಿಗಾಲ ಬಂತೆಂದರೆ ಬೆಂಗಳೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಸ್ಕ್ರೀನ್‌ಶಾಟ್‌ಗಳು ಓಡಾಡುತ್ತವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್‌ನಲ್ಲಿ ನಗರದ ಗಾಳಿಗೆ ತಿಳಿಹಸಿರು ಬಣ್ಣ, ‘ಸಮಾಧಾನಕರ’ ಎಂಬ ಷರಾ. ಅದೇ ದಿನ ವಿದೇಶಿ ಆ್ಯಪ್ ಒಂದರಲ್ಲಿ ಕಿತ್ತಳೆ ಬಣ್ಣ, ‘ಅಸ್ತಮಾ, ಹೃದ್ರೋಗ ಇರುವವರಿಗೆ ಹಾನಿಕರ’ ಎಂಬ ಎಚ್ಚರಿಕೆ. ಇದರ ಜೊತೆಗೆ ಸಂಸತ್ತಿನಿಂದಲೂ ಒಂದು ಸುದ್ದಿ ಆಗಾಗ ಬರುತ್ತದೆ: ವಾಯುಮಾಲಿನ್ಯವೊಂದರಿಂದಲೇ ಸಾವು ಸಂಭವಿಸಿದೆ ಎಂದು ನೇರ ನಂಟು ತೋರಿಸುವ ನಿರ್ಣಾಯಕ ದತ್ತಾಂಶ ದೇಶದಲ್ಲಿಲ್ಲ ಎಂದು ಕೇಂದ್ರ ಸರ್ಕಾರ ಉತ್ತರಿಸಿದೆ. ಶ್ವಾಸಕೋಶ ತಜ್ಞರು ಮಾತ್ರ ಲಕ್ಷಗಟ್ಟಲೆ ಸಾವಿನ ಅಂದಾಜು ಮುಂದಿಡುತ್ತಾರೆ.

ಯಾರ ಮಾತು ನಂಬುವುದು? ವಿಚಿತ್ರವೆಂದರೆ ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಗಾಳಿಯಲ್ಲಿ ಎಷ್ಟು ಕಣ ಇದೆ, ಅದನ್ನು ಯಾವ ಗೆರೆಗೆ ಹೋಲಿಸುತ್ತಿದ್ದೇವೆ, ಅದು ಯಾರ ದೇಹಕ್ಕೆ ಏನು ಮಾಡುತ್ತದೆ ಎಂಬ ಮೂರು ಬೇರೆ ಪ್ರಶ್ನೆಗಳು ಒಂದೇ ಅಂಕಿಯೊಳಗೆ ಸಿಕ್ಕಿಕೊಂಡಿವೆ. ಅವನ್ನು ಬಿಡಿಸಿ ನೋಡಿದರೆ ಬೆಂಗಳೂರಿನ ಮಟ್ಟಿಗೆ ಒಂದು ಅಹಿತಕರ ಸಂಗತಿ ಗೋಚರಿಸುತ್ತದೆ: ನಮ್ಮದು ‘ಮಧ್ಯಮ’ ಮಾಲಿನ್ಯದ ಊರು, ಮತ್ತು ಮಧ್ಯಮ ಮಾಲಿನ್ಯವೇ ಪ್ರತಿ ಮೈಕ್ರೊಗ್ರಾಂಗೆ ಹೆಚ್ಚು ಹಾನಿ ಮಾಡುವ ಹಂತ.

ಒಂದೇ ಗಾಳಿಗೆ ಎರಡು ಅಂಕಿ

ಎಕ್ಯೂಐ, ಅಂದರೆ ವಾಯು ಗುಣಮಟ್ಟ ಸೂಚ್ಯಂಕ, ಯಂತ್ರ ಅಳೆದ ಅಂಕಿಯಲ್ಲ. ಯಂತ್ರ ಅಳೆಯುವುದು ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೊಗ್ರಾಂ ಕಣ ಅಥವಾ ಅನಿಲ ಇದೆ ಎಂಬುದನ್ನು. ಆ ಅಳತೆಯನ್ನು 0ಯಿಂದ 500ರವರೆಗಿನ ಪಟ್ಟಿಗೆ ಕೂರಿಸಿದಾಗ ಎಕ್ಯೂಐ ಹುಟ್ಟುತ್ತದೆ. ಕೂರಿಸುವ ಪಟ್ಟಿ ಒಂದೊಂದು ದೇಶದಲ್ಲಿ ಒಂದೊಂದು ಬಗೆ.

ಒಂದು ಲೆಕ್ಕ ಮಾಡೋಣ. ಜನವರಿಯ ಒಂದು ದಿನ ನಗರದ ಒಂದು ಕೇಂದ್ರದಲ್ಲಿ 24 ಗಂಟೆಯ ಸರಾಸರಿ ಪಿಎಂ 2.5 (ಅತಿ ಸೂಕ್ಷ್ಮ ಕಣ) ಪ್ರಮಾಣ 45 ಮೈಕ್ರೊಗ್ರಾಂ, ಪಿಎಂ 10 (ದೂಳೂ ಸೇರಿದ ಕಣ) ಪ್ರಮಾಣ 90 ಮೈಕ್ರೊಗ್ರಾಂ ಬಂದಿದೆ ಎಂದುಕೊಳ್ಳಿ. ಭಾರತದ ಪಟ್ಟಿಯಲ್ಲಿ ಪಿಎಂ 2.5 ಪ್ರಮಾಣ 31ರಿಂದ 60ರ ನಡುವೆ ಇದ್ದರೆ ಅದು ‘ಸಮಾಧಾನಕರ’. 45ಕ್ಕೆ ಸಿಗುವ ಅಂಕ ಸುಮಾರು 75. ಪಿಎಂ 10ರ ಅಂಕ 90. ಎಲ್ಲ ಮಾಲಿನ್ಯಕಾರಕಗಳ ಅಂಕಗಳನ್ನು ಕೂಡುವುದಿಲ್ಲ; ಯಾವುದು ಹೆಚ್ಚೋ ಅದನ್ನೇ ಆ ಕೇಂದ್ರದ ಎಕ್ಯೂಐ ಎನ್ನುತ್ತಾರೆ. ಹಾಗಾಗಿ ಸರ್ಕಾರಿ ಅಂಕಿ 90, ಬಣ್ಣ ತಿಳಿಹಸಿರು, ಮುಖ್ಯ ಕಾರಣ ದೂಳು.

ಇದೇ ಅಳತೆಯನ್ನು ಅಮೆರಿಕದ ಪಟ್ಟಿಗೆ ಹಾಕಿ. ಅಲ್ಲಿನ ಪರಿಸರ ಸಂಸ್ಥೆ 2024ರಲ್ಲಿ ಪಟ್ಟಿ ಬಿಗಿಗೊಳಿಸಿತು. ಪಿಎಂ 2.5 ಪ್ರಮಾಣ 9 ಮೈಕ್ರೊಗ್ರಾಂ ದಾಟಿದರೆ ‘ಒಳ್ಳೆಯದು’ ಎಂಬ ಹಣೆಪಟ್ಟಿ ಹೋಗುತ್ತದೆ, 35.4 ದಾಟಿದರೆ ಕಿತ್ತಳೆ ಬಣ್ಣ ಬರುತ್ತದೆ. 45ಕ್ಕೆ ಸಿಗುವ ಅಂಕ ಸುಮಾರು 124. ಗಾಳಿ ಅದೇ, ಯಂತ್ರ ಅದೇ. 90 ಮತ್ತು 124ರ ನಡುವಿನ ಅಂತರ ಪೂರ್ತಿ ಪಟ್ಟಿಯದ್ದು.

ಹಾಗಾದರೆ ಆರೋಗ್ಯದ ಗೆರೆ ಎಲ್ಲಿದೆ? ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5ಕ್ಕೆ ದಿನದ ಸರಾಸರಿ 15, ವರ್ಷದ ಸರಾಸರಿ 5 ಮೈಕ್ರೊಗ್ರಾಂ ಎಂದು ಹೇಳಿತು. ಭಾರತದ ಮಾನದಂಡ 2009ರದ್ದು: ದಿನಕ್ಕೆ 60, ವರ್ಷಕ್ಕೆ 40. ನಮ್ಮ ಎಕ್ಯೂಐ ಪಟ್ಟಿಯಲ್ಲಿ ‘ಸಮಾಧಾನಕರ’ದ ಮೇಲಿನ ಅಂಚು ಕೂಡ 60ಕ್ಕೇ ಬಂದು ನಿಲ್ಲುತ್ತದೆ. ಮೇಲಿನ ಉದಾಹರಣೆಯ 45 ವಿಶ್ವ ಆರೋಗ್ಯ ಸಂಸ್ಥೆಯ ದಿನದ ಮಿತಿಯ ಮೂರು ಪಟ್ಟು, ಆದರೆ ನಮ್ಮ ಮಿತಿಯ ಒಳಗೆ ಆರಾಮಾಗಿ ಕೂತಿದೆ. ಗಮನಿಸಬೇಕಾದ ಇನ್ನೊಂದು ಮಾತಿದೆ. ‘ಸಮಾಧಾನಕರ’ ವರ್ಗದ ಗಾಳಿಯಲ್ಲೂ ಸೂಕ್ಷ್ಮ ಆರೋಗ್ಯದವರಿಗೆ ಉಸಿರಾಟದ ಅಲ್ಪ ತೊಂದರೆ ಆಗಬಹುದು ಎಂದು ಕೇಂದ್ರ ಮಂಡಳಿಯ ಪಟ್ಟಿಯೇ ಹೇಳುತ್ತದೆ. ಆ ಸಾಲು ಸುದ್ದಿಯಲ್ಲಿ ಬರುವುದಿಲ್ಲ, ಬಣ್ಣ ಮಾತ್ರ ಬರುತ್ತದೆ.

ಆ್ಯಪ್‌ಗಳ ನಡುವಿನ ವ್ಯತ್ಯಾಸಕ್ಕೆ ಯಂತ್ರವೂ ಕೆಲವೊಮ್ಮೆ ಕಾರಣ. ಮಂಡಳಿಯ ಕೇಂದ್ರಗಳಲ್ಲಿ ಗಾಳಿಯನ್ನು ಒಳಕ್ಕೆಳೆದು, ತೇವ ಹೋಗುವಂತೆ ಬಿಸಿ ಮಾಡಿ ಕಣಗಳನ್ನು ಅಳೆಯುವ ದುಬಾರಿ ಉಪಕರಣಗಳಿವೆ. ಅಪಾರ್ಟ್‌ಮೆಂಟ್ ಬಾಲ್ಕನಿಗಳಲ್ಲಿ ಕೂರಿಸುವ ಚಿಕ್ಕ ಸೆನ್ಸರ್‌ಗಳು ಬೆಳಕು ಚದುರುವುದನ್ನು ನೋಡಿ ಲೆಕ್ಕ ಹಾಕುತ್ತವೆ. ಮಂಜು ಮುಸುಕಿದ ಬೆಳಗ್ಗೆ ಕಣಗಳು ನೀರು ಹೀರಿ ಉಬ್ಬಿದಾಗ ಅವು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ಬೆಳಗಿನ ಆರು ಗಂಟೆಯ ಭಯಾನಕ ಅಂಕಿಯನ್ನು ನೋಡಿದ ತಕ್ಷಣ ಹಂಚಿಕೊಳ್ಳುವ ಮೊದಲು ಅದು ಯಾವ ಯಂತ್ರದ್ದು ಎಂದು ನೋಡುವುದು ಒಳ್ಳೆಯದು.

ಸರಾಸರಿಯಲ್ಲಿ ಕರಗುವ ಆರು ಗಂಟೆ

ಸರ್ಕಾರಿ ಎಕ್ಯೂಐನಲ್ಲಿ ಕಣಗಳ ಅಂಕಿ 24 ಗಂಟೆಯ ಸರಾಸರಿ. ನಗರದ ಅಂಕಿ ಎಂದು ಪ್ರಕಟವಾಗುವುದು ಹಲವು ಕೇಂದ್ರಗಳ ಸರಾಸರಿ. ಸಿಲ್ಕ್ ಬೋರ್ಡ್, ಪೀಣ್ಯ, ಹೆಬ್ಬಾಳ, ಜಯನಗರ, ಬಾಪೂಜಿನಗರದಂತಹ ಕಡೆಗಳ ಅಳತೆ ಒಂದೇ ಅಂಕಿಯೊಳಗೆ ಬೆರೆಯುತ್ತದೆ. ಅಂದರೆ ಸರಾಸರಿಯ ಮೇಲೆ ಮತ್ತೊಂದು ಸರಾಸರಿ.

ಇದರಿಂದ ಏನಾಗುತ್ತದೆ ಎಂಬುದಕ್ಕೆ ಸರಳ ಉದಾಹರಣೆ: ಮುಖ್ಯರಸ್ತೆಯ ಪಕ್ಕದ ಒಂದು ಜಾಗದಲ್ಲಿ ಬೆಳಗ್ಗೆ 8ರಿಂದ 11, ಸಂಜೆ 6ರಿಂದ 9, ಒಟ್ಟು ಆರು ಗಂಟೆ ಪಿಎಂ 2.5 ಪ್ರಮಾಣ 90 ಇದೆ. ಉಳಿದ 18 ಗಂಟೆ 30 ಇದೆ. ದಿನದ ಸರಾಸರಿ 45. ಮನೆಯೊಳಗಿದ್ದವರಿಗೆ ಅದು 30ರ ದಿನ. ಆ ಆರು ಗಂಟೆಗಳನ್ನೇ ರಸ್ತೆಯಲ್ಲಿ ಕಳೆಯುವ ಆಟೊ ಚಾಲಕ, ಸಂಚಾರ ಪೊಲೀಸ್, ಡೆಲಿವರಿ ಹುಡುಗ, ಹೂವು ಮಾರುವ ಹೆಂಗಸು, ಬೆಳಗಿನ ಪಾಳಿಯಲ್ಲಿ ರಸ್ತೆ ಗುಡಿಸುವ ಪೌರಕಾರ್ಮಿಕರಿಗೆ ಅದು 90ರ ದಿನ. ಇಬ್ಬರಿಗೂ ಪ್ರಕಟವಾಗುವ ಷರಾ ‘ಸಮಾಧಾನಕರ’.

ದೂರವೂ ಮುಖ್ಯ. ಹೆಚ್ಚು ವಾಹನ ಓಡುವ ರಸ್ತೆಯ ಅಂಚಿನಲ್ಲಿ ಹೊಗೆಯ ಅತಿಸೂಕ್ಷ್ಮ ಕಣಗಳು, ಮಸಿ ಮತ್ತು ನೈಟ್ರೋಜನ್ ಡೈಆಕ್ಸೈಡ್ ಅತಿ ಹೆಚ್ಚು. ಕೆಲವು ನೂರು ಮೀಟರ್ ಒಳಕ್ಕೆ ಹೋದರೆ ಬಹಳಷ್ಟು ಇಳಿಯುತ್ತವೆ. ಮೇಲ್ಸೇತುವೆ ಅಥವಾ ಮೆಟ್ರೊ ಮಾರ್ಗ ತಲೆಯ ಮೇಲಿದ್ದು ಎರಡೂ ಬದಿ ಎತ್ತರದ ಕಟ್ಟಡ ಇದ್ದರೆ ಹೊಗೆಗೆ ಹೊರಹೋಗಲು ದಾರಿ ಇಲ್ಲ, ಕೆಳಗೇ ಸುತ್ತುತ್ತದೆ. ಹೊರ ವರ್ತುಲ ರಸ್ತೆಯ ಸಿಗ್ನಲ್‌ನಲ್ಲಿ ಬೈಕ್ ಮೇಲೆ ಕೂತವರ ಮೂಗಿಗೂ ಮುಂದಿನ ಲಾರಿಯ ಸೈಲೆನ್ಸರ್‌ಗೂ ಒಂದೆರಡು ಮೀಟರ್ ಅಂತರ. ನಗರದ ಸರಾಸರಿ ಅಂಕಿಗೆ ಆ ಅಂತರ ಗೊತ್ತಿಲ್ಲ.

ಬೆಂಗಳೂರಿಗೆ ಪ್ರಕೃತಿಯ ಕೃಪೆ ಇದೆ, ನಿಜ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ, ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಮಳೆ, ಜೊತೆಗೆ ಬೀಸುವ ಗಾಳಿ. ದೆಹಲಿಯಂತೆ ಹೊಗೆ ವಾರಗಟ್ಟಲೆ ನಿಲ್ಲುವುದಿಲ್ಲ. ಆದರೆ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ರಾತ್ರಿ ನೆಲ ತಣ್ಣಗಾಗಿ, ಅದರ ಮೇಲೆ ಬೆಚ್ಚಗಿನ ಗಾಳಿಯ ಪದರ ಮುಚ್ಚಳದಂತೆ ಕೂರುತ್ತದೆ. ರಾತ್ರಿ ಓಡಿದ ಲಾರಿಗಳ ಹೊಗೆ, ಖಾಲಿ ಸೈಟಿನಲ್ಲಿ ಸುಟ್ಟ ಎಲೆ–ಪ್ಲಾಸ್ಟಿಕ್‌ನ ಹೊಗೆ ಆ ಮುಚ್ಚಳದ ಕೆಳಗೆ ಉಳಿದು, ಬಿಸಿಲೇರಿದ ಮೇಲಷ್ಟೇ ಚದುರುತ್ತದೆ. ವರ್ಷದ ಸರಾಸರಿ ಚೆನ್ನಾಗಿ ಕಾಣುವುದು ಮಳೆಗಾಲದ ಪುಣ್ಯದಿಂದ.

ಉಸಿರಿನಿಂದ ರಕ್ತಕ್ಕೆ

ಕೂದಲೆಳೆಯ ದಪ್ಪ ಸುಮಾರು 50ರಿಂದ 70 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ). ಪಿಎಂ 10 ಎಂದರೆ 10 ಮೈಕ್ರಾನ್ ಮತ್ತು ಅದಕ್ಕಿಂತ ಚಿಕ್ಕ ಕಣ, ಪಿಎಂ 2.5 ಎಂದರೆ 2.5 ಮೈಕ್ರಾನ್ ಮತ್ತು ಅದಕ್ಕಿಂತ ಚಿಕ್ಕದು. ದೇಹದ ದೃಷ್ಟಿಯಿಂದ ಈ ಎರಡರ ಹಣೆಬರಹ ಬೇರೆ.

ದಪ್ಪ ದೂಳು ಮೂಗಿನ ಕೂದಲು, ಗಂಟಲಿನ ಲೋಳೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಇನ್ನಷ್ಟು ಚಿಕ್ಕದು ಶ್ವಾಸನಾಳಕ್ಕೆ ಇಳಿದರೆ ಅಲ್ಲಿನ ಸೂಕ್ಷ್ಮ ರೋಮಗಳು ಅದನ್ನು ಲೋಳೆಯ ಜೊತೆ ಮೇಲಕ್ಕೆ ತಳ್ಳುತ್ತವೆ, ನಾವು ಕೆಮ್ಮಿ ಹೊರಹಾಕುತ್ತೇವೆ. ರಸ್ತೆ ಅಗೆದ ಬೀದಿಯಲ್ಲಿ ಬರುವ ಕೆಮ್ಮು ಬಹುಪಾಲು ಈ ಬಗೆಯದ್ದು. ಕಿರಿಕಿರಿಯದ್ದಾದರೂ ಅದು ದೇಹದ ರಕ್ಷಣೆ.

ಹೊಗೆಯ ಕಣ ಹಾಗಲ್ಲ. ಅದು ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೆ ಹೋಗುತ್ತದೆ. ಅಲ್ಲಿ ತಳ್ಳುವ ರೋಮಗಳಿಲ್ಲ. ಕಾವಲಿನ ಜೀವಕೋಶಗಳು ಕಣವನ್ನು ನುಂಗುತ್ತವೆ. ಆದರೆ ಮಸಿ, ಲೋಹದ ಅಂಶ, ಸುಟ್ಟ ಇಂಧನದ ರಾಸಾಯನಿಕಗಳನ್ನು ಅರಗಿಸಲಾರದೆ ಉರಿಯೂತದ ಸಂಕೇತಗಳನ್ನು ಹೊರಬಿಡುತ್ತವೆ. ಆ ಸಂಕೇತ ರಕ್ತಕ್ಕೆ ಸೇರಿದಾಗ ಯಕೃತ್ತು ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳನ್ನು ಹೆಚ್ಚಿಸುತ್ತದೆ. ರಕ್ತನಾಳದ ಒಳಪದರ ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ. ಶ್ವಾಸಕೋಶದ ನರಗಳ ಮೂಲಕ ಹೃದಯದ ಬಡಿತದ ಲಯವೂ ಏರುಪೇರಾಗುತ್ತದೆ. ಅತಿ ಚಿಕ್ಕ ಕಣಗಳು ನೇರವಾಗಿ ರಕ್ತಕ್ಕೆ ದಾಟುವುದೂ ಉಂಟು.

ಈಗಾಗಲೇ ಹೃದಯದ ನಾಳದಲ್ಲಿ ಕೊಬ್ಬು ಕಟ್ಟಿಕೊಂಡಿರುವ 60 ವರ್ಷದವರಿಗೆ ಹೊಗೆ ಹೆಚ್ಚಿದ ದಿನ ಅಥವಾ ಅದರ ನಂತರದ ಒಂದೆರಡು ದಿನ ಏನಾಗಬಹುದು ಎಂಬುದು ಇದರಿಂದ ಅರ್ಥವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಹೊರಗಿನ ಗಾಳಿಯ ಮಾಲಿನ್ಯಕ್ಕೆ ಸಂಬಂಧಿಸಿದ ಅಕಾಲ ಮರಣಗಳಲ್ಲಿ ಸುಮಾರು ಶೇ 68 ಹೃದ್ರೋಗ ಮತ್ತು ಪಾರ್ಶ್ವವಾಯುವಿನವು. ನಮ್ಮಲ್ಲಿ ಮಾಲಿನ್ಯ ಎಂದರೆ ಕೆಮ್ಮು, ದಮ್ಮು ಎಂದಷ್ಟೇ ಯೋಚಿಸುತ್ತೇವೆ. ಹೃದ್ರೋಗಿಗೆ ಕೊಡುವ ಸಲಹೆಯಲ್ಲಿ ಉಪ್ಪು, ಎಣ್ಣೆ, ನಡಿಗೆ ಇರುತ್ತದೆ. ಯಾವ ರಸ್ತೆಯ ಪಕ್ಕ ನಡೆಯುತ್ತೀರಿ ಎಂಬ ಪ್ರಶ್ನೆ ಅಪರೂಪ. ಇದು ಬದಲಾಗಬೇಕು.

ವರ್ಷಗಟ್ಟಲೆ ಇಂಥ ಗಾಳಿ ಸೇವಿಸಿದರೆ ಸಿಒಪಿಡಿ (ಉಸಿರಾಟದ ದಾರಿ ಕಿರಿದಾಗುವ ದೀರ್ಘಕಾಲದ ಕಾಯಿಲೆ), ಶ್ವಾಸಕೋಶದ ಕ್ಯಾನ್ಸರ್, ಎರಡನೇ ಬಗೆಯ ಮಧುಮೇಹದ ಅಪಾಯವೂ ಏರುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನು, 2013ರಲ್ಲಿ ಹೊರಗಿನ ವಾಯುಮಾಲಿನ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ತಂಬಾಕಿನ ಸಾಲಿಗೆ, ಸೇರಿಸಿತು. ಗರ್ಭಿಣಿಯರಲ್ಲಿ ಕಡಿಮೆ ತೂಕದ ಹೆರಿಗೆಯ ಸಾಧ್ಯತೆ ಹೆಚ್ಚುತ್ತದೆ. ಮಕ್ಕಳು ದೇಹದ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ, ಅವರ ಮುಖ ಸೈಲೆನ್ಸರ್‌ನ ಎತ್ತರಕ್ಕೆ ಹತ್ತಿರ, ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಬೆಂಗಳೂರಿನ ಎಲ್ಲ ಕೆಮ್ಮೂ ಮಾಲಿನ್ಯದ್ದಲ್ಲ. ಪರಾಗ, ಶೀತಗಾಳಿ, ವೈರಸ್ ಸೋಂಕು, ಗೋಡೆಯ ಬೂಷ್ಟು, ಮನೆಯ ದೂಳಿನ ನುಸಿ ಎಲ್ಲವೂ ಪಾಲುದಾರರು. ಮಾಲಿನ್ಯ ಬಹಳ ಸಲ ಇವುಗಳ ಜೊತೆ ಸೇರಿ, ಸುಮ್ಮನಿದ್ದ ಅಸ್ತಮಾವನ್ನು ಕೆರಳಿಸುತ್ತದೆ.

‘ದೆಹಲಿಗಿಂತ ವಾಸಿ’ ಎಂಬ ಸಮಾಧಾನ

2024ರ ಜುಲೈನಲ್ಲಿ ‘ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಬೆಂಗಳೂರಿನವರು ಓದಲೇಬೇಕಾದದ್ದು. ಸಂಶೋಧಕರು 2008ರಿಂದ 2019ರ ನಡುವೆ ದೇಶದ ಹತ್ತು ನಗರಗಳಲ್ಲಿ ದಾಖಲಾದ ಸುಮಾರು 36 ಲಕ್ಷ ಸಾವುಗಳನ್ನು ಆಯಾ ದಿನಗಳ ಪಿಎಂ 2.5 ಮಟ್ಟದ ಜೊತೆ ಇಟ್ಟು ನೋಡಿದರು. ಕಣದ ಪ್ರಮಾಣ 10 ಮೈಕ್ರೊಗ್ರಾಂ ಏರಿದಾಗ ಸಾವಿನ ಅಪಾಯ ಹತ್ತು ನಗರಗಳ ಒಟ್ಟು ಲೆಕ್ಕದಲ್ಲಿ ಶೇ 1.42 ಏರಿತು. ದೆಹಲಿಯಲ್ಲಿ ಏರಿಕೆ ಕೇವಲ ಶೇ 0.31. ಬೆಂಗಳೂರಿನಲ್ಲಿ ಶೇ 3.06.

ಮೊದಲ ನೋಟಕ್ಕೆ ಇದು ತಲೆಕೆಳಗಾದ ಲೆಕ್ಕ. ಕಾರಣ ಹಾನಿಯ ರೇಖೆಯ ಆಕಾರದಲ್ಲಿದೆ. ಅದು ನೇರ ಗೆರೆಯಂತೆ ಏರುವುದಿಲ್ಲ. ಕೆಳಮಟ್ಟದಲ್ಲಿ ಕಡಿದಾಗಿ ಏರಿ, ಮೇಲೆ ಹೋದಂತೆ ಚಪ್ಪಟೆಯಾಗುತ್ತದೆ. ಆಗಲೇ 200 ಮೈಕ್ರೊಗ್ರಾಂ ಇರುವ ಊರಿನಲ್ಲಿ ಇನ್ನೊಂದು 10 ಸೇರಿದರೆ ಹೆಚ್ಚುವರಿ ಪೆಟ್ಟು ಚಿಕ್ಕದು, ಏಕೆಂದರೆ ದೇಹಕ್ಕೆ ಬೀಳಬೇಕಾದ ಪೆಟ್ಟಿನ ಬಹುಭಾಗ ಮೊದಲೇ ಬಿದ್ದಿದೆ. 30 ಇರುವ ಊರಿನಲ್ಲಿ 10 ಸೇರುವುದು ದೊಡ್ಡ ಪೆಟ್ಟು. ಭಾರತದ 60ರ ಮಿತಿಗಿಂತ ಕೆಳಗಿದ್ದ ದಿನಗಳನ್ನು ಮಾತ್ರ ತೆಗೆದುಕೊಂಡಾಗಲೂ ಪ್ರತಿ 10 ಮೈಕ್ರೊಗ್ರಾಂಗೆ ಅಪಾಯ ಶೇ 2.65 ಏರಿದ್ದು ಕಂಡುಬಂತು. ಅಂದರೆ ‘ಸಮಾಧಾನಕರ’ ಎಂದು ಬಣ್ಣ ಹಚ್ಚಿದ ದಿನಗಳಲ್ಲೇ ಜನ ಸಾಯುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ದಿನದ ಮಿತಿ ಮೀರಿದ್ದರಿಂದ ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 2,100 ಸಾವು ಸಂಭವಿಸುತ್ತವೆ ಎಂಬುದು ಆ ಅಧ್ಯಯನದ ಅಂದಾಜು. ಇದು ಒಂದೆರಡು ದಿನದ ಏರಿಳಿತದ ಲೆಕ್ಕ ಮಾತ್ರ, ವರ್ಷಗಟ್ಟಲೆ ಉಸಿರಾಡಿದ್ದರ ಪರಿಣಾಮ ಇದರಲ್ಲಿಲ್ಲ.

ಇದರ ಇನ್ನೊಂದು ಮುಖ ಆಶಾದಾಯಕ. ಏರುವಾಗ ಕಡಿದಾದ ರೇಖೆ ಇಳಿಯುವಾಗಲೂ ಕಡಿದು. ಬೆಂಗಳೂರು 10 ಮೈಕ್ರೊಗ್ರಾಂ ಇಳಿಸಿದರೆ ಉಳಿಯುವ ಜೀವ, ದೆಹಲಿ ಅಷ್ಟೇ ಇಳಿಸಿದಾಗ ಉಳಿಯುವುದಕ್ಕಿಂತ ಪ್ರಮಾಣದಲ್ಲಿ ಹೆಚ್ಚು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ 1990ರ ದಶಕದಿಂದ 2011ರವರೆಗೆ ಗಾಳಿ ಸುಧಾರಿಸಿದಂತೆ 11ರಿಂದ 15 ವರ್ಷದ ಮಕ್ಕಳ ಶ್ವಾಸಕೋಶದ ಬೆಳವಣಿಗೆಯೂ ಅಳೆಯುವಷ್ಟು ಸುಧಾರಿಸಿದ್ದು ದಾಖಲಾಗಿದೆ. ಹಾಗಾಗಿ ದೆಹಲಿಯ ಜೊತೆ ಹೋಲಿಸಿಕೊಂಡು ಸುಮ್ಮನಾಗುವುದು ಕೈಗೆ ಸಿಗುವ ಲಾಭವನ್ನು ಬಿಟ್ಟುಕೊಟ್ಟಂತೆ.

‘ನಿರ್ಣಾಯಕ ದತ್ತಾಂಶವಿಲ್ಲ’ ಎಂದರೇನು?

ಸರ್ಕಾರದ ಉತ್ತರವನ್ನು ಪದಪದವಾಗಿ ಓದಿದರೆ ಅದರಲ್ಲಿ ‘ಮಾಲಿನ್ಯ ಒಂದರಿಂದಲೇ’ ಎಂಬ ಷರತ್ತಿದೆ. ಮಾಲಿನ್ಯವು ಉಸಿರಾಟದ ಕಾಯಿಲೆಗಳಿಗೆ ಪ್ರಚೋದಕಗಳಲ್ಲಿ ಒಂದು ಎಂದು ಅದೇ ಉತ್ತರಗಳು ಒಪ್ಪುತ್ತವೆ. ಆಹಾರ, ಉದ್ಯೋಗ, ರೋಗನಿರೋಧಕ ಶಕ್ತಿ, ಅನುವಂಶೀಯತೆ, ಆರ್ಥಿಕ ಸ್ಥಿತಿ ಎಲ್ಲ ಸೇರಿ ಆರೋಗ್ಯ ನಿರ್ಧಾರವಾಗುತ್ತದೆ ಎಂಬುದು ಸರ್ಕಾರದ ವಾದ. ತಾಂತ್ರಿಕವಾಗಿ ಈ ಮಾತಿನಲ್ಲಿ ತಪ್ಪಿಲ್ಲ.

ಆದರೆ ಮರಣ ಪ್ರಮಾಣಪತ್ರದಲ್ಲಿ ‘ಹೃದಯಾಘಾತ’ ಎಂದು ಬರೆಯುತ್ತಾರೆ, ‘ಸಿಗರೇಟು’ ಎಂದು ಬರೆಯುವುದಿಲ್ಲ. ಹಾಗೆಂದು ತಂಬಾಕಿನಿಂದ ಸಾವಿಲ್ಲ ಎಂದು ಯಾರೂ ಹೇಳುವುದಿಲ್ಲ. ಅಪಾಯಕಾರಿ ಅಂಶಗಳನ್ನು ಲೆಕ್ಕ ಹಾಕುವ ವಿಧಾನ ಬೇರೆ: ಹೆಚ್ಚು ಮಾಲಿನ್ಯದ ಮತ್ತು ಕಡಿಮೆ ಮಾಲಿನ್ಯದ ಜನಸಮೂಹಗಳನ್ನು ಹೋಲಿಸಿ, ವಯಸ್ಸು, ಧೂಮಪಾನದಂತಹ ಇತರ ಕಾರಣಗಳ ಪಾಲನ್ನು ಕಳೆದು, ಉಳಿಯುವ ವ್ಯತ್ಯಾಸವನ್ನು ಎಣಿಸುತ್ತಾರೆ. 1993ರಲ್ಲಿ ಪ್ರಕಟವಾದ ಅಮೆರಿಕದ ಆರು ನಗರಗಳ ಅಧ್ಯಯನ ಈ ದಾರಿ ಹಾಕಿಕೊಟ್ಟಿತು; ಅತಿ ಮಲಿನ ನಗರದಲ್ಲಿ ಸಾವಿನ ಪ್ರಮಾಣ ಅತಿ ಶುದ್ಧ ನಗರಕ್ಕಿಂತ ಶೇ 26ರಷ್ಟು ಹೆಚ್ಚಿತ್ತು. ಭಾರತದಲ್ಲಿ 2019ರಲ್ಲಿ ಮನೆಯೊಳಗಿನ ಮತ್ತು ಹೊರಗಿನ ಮಾಲಿನ್ಯ ಸೇರಿ 16.7 ಲಕ್ಷ ಸಾವು ಎಂಬ ಅಂದಾಜು ಬಂದದ್ದು ಇಂಥ ಲೆಕ್ಕದಿಂದ. ಇದು ತಲೆ ಎಣಿಸಿ ತೆಗೆದ ಸಂಖ್ಯೆಯಲ್ಲ. ಅಂದಾಜಿನಲ್ಲಿ ಆಚೀಚೆ ಇರುತ್ತದೆ. ಆದರೆ ಸೊನ್ನೆಯ ಸಾಧ್ಯತೆ ಅದರಲ್ಲಿಲ್ಲ.

ಒಬ್ಬ ವ್ಯಕ್ತಿಯ ಸಾವಿಗೆ ಮಾಲಿನ್ಯವನ್ನು ಕಾರಣಗಳಲ್ಲಿ ಒಂದೆಂದು ದಾಖಲಿಸಿದ ಪ್ರಕರಣವೂ ಇದೆ. ಲಂಡನ್‌ನ ದಟ್ಟ ಸಂಚಾರದ ರಸ್ತೆಯೊಂದರ ಹತ್ತಿರ ವಾಸವಿದ್ದ ಒಂಬತ್ತು ವರ್ಷದ ಬಾಲಕಿ ‘ಎಲ್ಲಾ ಕಿಸ್ಸಿ-ಡೆಬ್ರಾ’ 2013ರಲ್ಲಿ ತೀವ್ರ ಅಸ್ತಮಾದಿಂದ ತೀರಿಕೊಂಡಳು. 2020ರ ಡಿಸೆಂಬರ್‌ನಲ್ಲಿ ಅಲ್ಲಿನ ಮರಣ ವಿಚಾರಣಾಧಿಕಾರಿ ವಾಯುಮಾಲಿನ್ಯವೂ ಆ ಸಾವಿಗೆ ಕಾರಣ ಎಂದು ಬರೆದರು. ಆಸ್ಪತ್ರೆಗೆ ದಾಖಲಾದ ದಿನಗಳು ಮತ್ತು ಹತ್ತಿರದ ಅಳತೆ ಕೇಂದ್ರದ ದತ್ತಾಂಶ ಎರಡೂ ಕೈಯಲ್ಲಿದ್ದುದರಿಂದ ಅದು ಸಾಧ್ಯವಾಯಿತು. ನಮ್ಮ ಆಸ್ಪತ್ರೆಗಳ ತುರ್ತು ವಿಭಾಗದ ದಾಖಲೆಯನ್ನೂ ಮಾಲಿನ್ಯ ಮಂಡಳಿಯ ಗಂಟೆಗಂಟೆಯ ಅಂಕಿಯನ್ನೂ ವಾಡಿಕೆಯಂತೆ ಜೋಡಿಸಿ ನೋಡಿದರೆ ‘ದತ್ತಾಂಶವಿಲ್ಲ’ ಎಂಬ ಉತ್ತರಕ್ಕೆ ಜಾಗವೇ ಇರುವುದಿಲ್ಲ.

ದೂಳು ಗುಡಿಸಿದರೆ ಹೊಗೆ ಹೋಗದು

2019ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ರಾಜ್ಯದ ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ದಾವಣಗೆರೆ, ಕಲಬುರಗಿ ಸೇರಿವೆ. 2025-26ರೊಳಗೆ ಶೇ 40ರಷ್ಟು ಇಳಿಕೆ ಸಾಧಿಸುವುದು ಗುರಿಯಾಗಿತ್ತು. ಆದರೆ ಪ್ರಗತಿ ಅಳೆದದ್ದು ಪಿಎಂ 10ರಲ್ಲಿ. ಯಾವುದನ್ನು ಅಳೆಯುತ್ತೇವೋ ಅದಕ್ಕೇ ಹಣ ಹೋಗುತ್ತದೆ: ಕಾರ್ಯಕ್ರಮದಡಿ ಖರ್ಚಾದ ಹಣದಲ್ಲಿ ಶೇ 64 ರಸ್ತೆ ದೂಳಿಗೆ, ವಾಹನದ ಹೊಗೆಗೆ ಶೇ 13ಕ್ಕಿಂತ ಕಡಿಮೆ, ಕೈಗಾರಿಕೆಗೆ ಶೇ 1 ಕೂಡ ಇಲ್ಲ ಎಂದು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ಲೆಕ್ಕ ಕೊಟ್ಟಿತು. ಗುಡಿಸುವ ಯಂತ್ರ ಮತ್ತು ನೀರು ಚಿಮ್ಮಿಸುವ ಟ್ಯಾಂಕರ್ ಕಣ್ಣಿಗೆ ಕಾಣುತ್ತವೆ, ಟೆಂಡರ್ ಕರೆಯುವುದೂ ಸುಲಭ. ಪಿಎಂ 10 ಇಳಿದು ವರದಿ ಚೆನ್ನಾಗಿ ಕಂಡರೂ ಹೃದಯಕ್ಕೆ ಕೆಡುಕು ಮಾಡುವ ಹೊಗೆಯ ಕಣ ಹಾಗೆಯೇ ಉಳಿಯಬಹುದು.

ದೂಳನ್ನೂ ಮೂಲದಲ್ಲಿ ಹಿಡಿಯುತ್ತಿಲ್ಲ. ಯಾವುದೇ ಬಡಾವಣೆಯಲ್ಲಿ ಮನೆ ಕಟ್ಟುವ ಕಡೆ ಎಂ-ಸ್ಯಾಂಡ್ ರಾಶಿ ಅರ್ಧ ರಸ್ತೆಗೆ ಚೆಲ್ಲಿರುತ್ತದೆ. ಕಲ್ಲು ಪುಡಿ ಮಾಡಿ ತಯಾರಿಸಿದ ಈ ಮರಳಿನಲ್ಲಿ 150 ಮೈಕ್ರಾನ್‌ಗಿಂತ ಚಿಕ್ಕ ಪುಡಿ ಶೇ 20ರವರೆಗೆ ಇರಬಹುದು ಎಂದು ಮಾನದಂಡವೇ ಒಪ್ಪುತ್ತದೆ. ಲೋಡ್ ಇಳಿಸಿದ ಮೇಲೆ ಒಣಗಿದ ಆ ಪುಡಿಯ ಮೇಲೆ ಟೈರುಗಳು ಹರಿದು ಇನ್ನಷ್ಟು ನುಣ್ಣಗೆ ಅರೆಯುತ್ತವೆ. ನೀರಿನ ಪೈಪಿಗೋ ಕೇಬಲ್‌ಗೋ ಅಗೆದ ಕಾಲುವೆಗೆ ಸಡಿಲ ಮಣ್ಣು ತುಂಬಿ, ದಮ್ಮಸ್ ಮಾಡದೆ, ಡಾಂಬರು ಹಾಕದೆ ತಿಂಗಳುಗಟ್ಟಲೆ ಬಿಡುವುದು ಎರಡನೇ ಮೂಲ. ಕಟ್ಟಡದ ಎತ್ತರದ ಮೂರನೇ ಒಂದರಷ್ಟು, ಗರಿಷ್ಠ 10 ಮೀಟರ್ ಎತ್ತರದ ಗಾಳಿತಡೆ, ಸಾಮಗ್ರಿಗೆ ಮುಚ್ಚಿಗೆ, ಸಾಗಿಸುವ ಲಾರಿಗೆ ಟಾರ್ಪಾಲು, ಇವೆಲ್ಲ 2018ರ ಕೇಂದ್ರದ ಅಧಿಸೂಚನೆಯಲ್ಲಿವೆ. ರಾಶಿಯ ಮೇಲೆ ಟಾರ್ಪಾಲು ಹೊದಿಸುವುದಕ್ಕಿಂತ ಅಗ್ಗದ ಮಾಲಿನ್ಯ ನಿಯಂತ್ರಣ ಇನ್ನೊಂದಿಲ್ಲ.

ಹೊಗೆಯ ವಿಚಾರ ಇನ್ನೂ ಜಟಿಲ. ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. 2020ರ ಏಪ್ರಿಲ್‌ನಿಂದ ವಾಹನಗಳ ಹೊಗೆಗೆ ಬಿಎಸ್–6 ಎಂಬ ಬಿಗಿ ಮಾನದಂಡ ಬಂದಿದ್ದು ದೊಡ್ಡ ಹೆಜ್ಜೆ. ಹೊಸ ಡೀಸೆಲ್ ವಾಹನಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ (ಡಿಪಿಎಫ್) ಇದೆ. ಆ ಫಿಲ್ಟರ್ ತುಂಬಿದ ಮೇಲೆ ಅದರೊಳಗಿನ ಮಸಿಯನ್ನು ಸುಮಾರು 600 ಡಿಗ್ರಿ ಶಾಖದಲ್ಲಿ ಸುಡಬೇಕು. ಅಷ್ಟು ಶಾಖ ಬರಲು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಕೆಲಹೊತ್ತು ಓಡಿಸಬೇಕು. ಮಾರತ್ತಹಳ್ಳಿಯಿಂದ ಸಿಲ್ಕ್ ಬೋರ್ಡ್‌ಗೆ ಮೊದಲ ಗೇರ್‌ನಲ್ಲಿ ತೆವಳುವ ಶಾಲಾ ವ್ಯಾನ್‌ಗೆ ಆ ಅವಕಾಶ ಸಿಗುವುದಿಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ ಎಚ್ಚರಿಕೆ ದೀಪ ಹತ್ತುತ್ತದೆ, ಚಾಲಕ ಕಡೆಗಣಿಸಿದರೆ ಎಂಜಿನ್ ಶಕ್ತಿ ಕುಗ್ಗುತ್ತದೆ. ಆಗ ಕೆಲವರು ಗ್ಯಾರೇಜಿನಲ್ಲಿ ಫಿಲ್ಟರ್‌ನ ಒಳಭಾಗವನ್ನೇ ತೆಗೆಸಿಬಿಡುತ್ತಾರೆ. ಅಲ್ಲಿಗೆ ಬಿಎಸ್–6ರ ಲಾಭ ಮುಗಿಯಿತು.

ಎಮಿಷನ್ ಟೆಸ್ಟ್‌ನಲ್ಲಿ ಇದು ಸಿಕ್ಕಿಬೀಳುವುದಿಲ್ಲವೇ? ಪೆಟ್ರೋಲ್ ವಾಹನ ನಿಂತಲ್ಲೇ ಓಡುವಾಗ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೊಕಾರ್ಬನ್ ಅಳೆಯುತ್ತಾರೆ; ಡೀಸೆಲ್‌ಗೆ ಹೊಗೆ ಎಷ್ಟು ಕಪ್ಪು ಎಂದು ನೋಡುತ್ತಾರೆ. ಪಿಎಂ 2.5 ಆಗಲಿ ನೈಟ್ರೋಜನ್ ಆಕ್ಸೈಡ್ ಆಗಲಿ ಆ ಪರೀಕ್ಷೆಯಲ್ಲೇ ಇಲ್ಲ. ಕಣ್ಣಿಗೆ ಕಾಣದ ಹೊಗೆಯೇ ಹೆಚ್ಚು ಆಳಕ್ಕೆ ಹೋಗುವುದರಿಂದ, ಸರ್ಟಿಫಿಕೇಟ್ ಇದ್ದೂ ವಾಹನ ಮಲಿನವಾಗಿರಬಹುದು. ಎಲೆಕ್ಟ್ರಿಕ್ ಬಸ್, ಆಟೊ, ಸ್ಕೂಟರ್‌ಗಳಿಂದ ಸೈಲೆನ್ಸರ್ ಹೊಗೆ ಹೋಗುತ್ತದೆ. ಟೈರು, ಬ್ರೇಕ್ ಮತ್ತು ರಸ್ತೆಯ ಸವೆತದ ಕಣ ಉಳಿಯುತ್ತದೆ. ವಾಹನದ ಒಟ್ಟು ಓಡಾಟವೇ ಇಳಿಯಬೇಕೆಂದರೆ ಬಸ್ಸು, ಮೆಟ್ರೊ, ನಡೆಯಲು ಬರುವ ಫುಟ್‌ಪಾತ್ ಬಿಟ್ಟು ಬೇರೆ ಉಪಾಯವಿಲ್ಲ.

ಅಳತೆಗೋಲು ಬದಲಾದರೆ

ಎಕ್ಯೂಐ ಪಟ್ಟಿಯನ್ನು ಬಿಗಿಗೊಳಿಸಬೇಕು ಎಂದು ವೈದ್ಯರು ಮತ್ತು ಸಂಶೋಧಕರು ಕೇಳುತ್ತಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಸಲಹೆ ಮಾತ್ರ, ಪ್ರತಿ ದೇಶ ತನ್ನ ಭೌಗೋಳಿಕ ಮತ್ತು ಆರ್ಥಿಕ ಸ್ಥಿತಿ ನೋಡಿ ಮಾನದಂಡ ರೂಪಿಸಿಕೊಳ್ಳಬೇಕು ಎಂಬುದು ಕೇಂದ್ರದ ನಿಲುವು. ನೈಸರ್ಗಿಕ ದೂಳು ಹೆಚ್ಚಿರುವ ದೇಶದಲ್ಲಿ ವರ್ಷಕ್ಕೆ 5 ಮೈಕ್ರೊಗ್ರಾಂ ಎಂಬುದು ಸದ್ಯಕ್ಕೆ ಸಾಧಿಸಲಾಗದ ಗುರಿ ಎಂಬ ವಾದದಲ್ಲಿ ಹುರುಳಿದೆ. ವಿಶ್ವ ಆರೋಗ್ಯ ಸಂಸ್ಥೆಯೇ ವರ್ಷಕ್ಕೆ 35, 25, 15, 10 ಎಂಬ ಮಧ್ಯಂತರ ಮೆಟ್ಟಿಲುಗಳನ್ನು ಕೊಟ್ಟಿದೆ. ನಮ್ಮ 40 ಆ ಮೊದಲ ಮೆಟ್ಟಿಲಿಗೂ ಹತ್ತಿಲ್ಲ.

ಪಟ್ಟಿ ಬಿಗಿಯಾದರೆ ಆಗುವುದಿಷ್ಟು: ಬೆಂಗಳೂರಿನ ಹಲವು ‘ಸಮಾಧಾನಕರ’ ದಿನಗಳು ‘ಮಧ್ಯಮ’ ಅಥವಾ ‘ಕಳಪೆ’ ಆಗುತ್ತವೆ. ಗಾಳಿ ಒಂದು ಕಣದಷ್ಟೂ ಬದಲಾಗಿರುವುದಿಲ್ಲ. ಆದರೆ ಶಾಲೆಯ ಕ್ರೀಡಾ ಅವಧಿ, ಕಾಮಗಾರಿಗೆ ಅನುಮತಿ, ಹೊಸ ಕೈಗಾರಿಕೆಯ ಪರಿಸರ ಒಪ್ಪಿಗೆ, ಹಸಿರು ನ್ಯಾಯಮಂಡಳಿಯ ಮುಂದಿನ ವ್ಯಾಜ್ಯ ಎಲ್ಲದರ ಲೆಕ್ಕ ಬದಲಾಗುತ್ತದೆ. ಅಪಾಯವೂ ಇದೆ: ವರ್ಷವಿಡೀ ಕಿತ್ತಳೆ ಬಣ್ಣ ಕಂಡರೆ ಜನ ನೋಡುವುದನ್ನೇ ಬಿಡಬಹುದು. ಹೀಗಾಗಿ ಬಣ್ಣದ ಜೊತೆ ಪಿಎಂ 2.5 ಪ್ರಮಾಣವನ್ನು, ಗಂಟೆವಾರು ಮತ್ತು ಕೇಂದ್ರವಾರು, ದೊಡ್ಡದಾಗಿ ತೋರಿಸುವುದು ತಕ್ಷಣ ಮಾಡಬಹುದಾದ ಕೆಲಸ. ಅದಕ್ಕೆ ಕಾನೂನು ತಿದ್ದುಪಡಿ ಬೇಕಿಲ್ಲ.

ಅಲ್ಲಿಯವರೆಗೆ ಮನೆಯಲ್ಲಿ, ರಸ್ತೆಯಲ್ಲಿ

ಆ್ಯಪ್ ತೆರೆದಾಗ ಎಕ್ಯೂಐ ಬಿಟ್ಟು, ಹತ್ತಿರದ ಕೇಂದ್ರದ ಪಿಎಂ 2.5 ಮೈಕ್ರೊಗ್ರಾಂ ಅಂಕಿ ನೋಡಿ. 15ರ ಒಳಗಿದ್ದರೆ ನಿಶ್ಚಿಂತೆ. 35 ದಾಟಿದರೆ ಅಸ್ತಮಾ, ಸಿಒಪಿಡಿ, ಹೃದ್ರೋಗ ಇರುವವರು, ಗರ್ಭಿಣಿಯರು ರಸ್ತೆಬದಿಯ ಓಟ, ವೇಗದ ನಡಿಗೆ ಬಿಡುವುದು ಒಳ್ಳೆಯದು. 60 ದಾಟಿದರೆ ಎಲ್ಲರೂ. ವ್ಯಾಯಾಮವನ್ನೇ ನಿಲ್ಲಿಸಬೇಡಿ, ಜಾಗ ಬದಲಿಸಿ: ಪಾರ್ಕಿನ ಅಂಚಿನ ಹಾದಿ ಬಿಟ್ಟು ನಡುಭಾಗಕ್ಕೆ ಹೋಗಿ. ಚಳಿಗಾಲದಲ್ಲಿ ಮಂಜು ಕವಿದ ಮುಂಜಾವಿಗಿಂತ ಬಿಸಿಲೇರಿದ ಮೇಲಿನ ಹೊತ್ತು ವಾಸಿ. ಏಪ್ರಿಲ್–ಮೇನಲ್ಲಿ ಮಧ್ಯಾಹ್ನ ಓಜೋನ್ ಏರುವುದರಿಂದ ಬೆಳಗ್ಗೆಯೇ ಒಳ್ಳೆಯದು.

ಎನ್–95 ಮಾಸ್ಕ್ ಮುಖಕ್ಕೆ ಅಂಟಿದಂತೆ ಕೂತರೆ ಕಣಗಳನ್ನು ಶೇ 95ರಷ್ಟು ತಡೆಯುತ್ತದೆ, ಅನಿಲಗಳನ್ನು ತಡೆಯುವುದಿಲ್ಲ. ಗಡ್ಡವಿದ್ದರೆ ಅಂಚಿನಿಂದ ಗಾಳಿ ನುಗ್ಗುತ್ತದೆ. ತೊಳೆಯಬಾರದು: ಅದರ ಪದರದಲ್ಲಿರುವ ಸ್ಥಿರ ವಿದ್ಯುತ್ ನೀರು–ಸೋಪಿಗೆ ಹೋಗಿಬಿಡುತ್ತದೆ, ನೋಡಲು ಚೊಕ್ಕಟವಾದರೂ ಕೆಲಸ ಮಾಡುವುದಿಲ್ಲ. ಬೈಕ್ ಸವಾರರು ಕಟ್ಟಿಕೊಳ್ಳುವ ಕರ್ಚೀಫು ದಪ್ಪ ದೂಳಿಗಷ್ಟೇ.

ಮನೆ ಮುಖ್ಯರಸ್ತೆಗೆ ಮುಖ ಮಾಡಿದ್ದರೆ ಬೆಳಗ್ಗೆ 8ರಿಂದ 11, ಸಂಜೆ 6ರಿಂದ 9 ಆ ಬದಿಯ ಕಿಟಕಿ ಮುಚ್ಚಿ, ಹಿಂಬದಿಯದ್ದು ತೆರೆಯಿರಿ. ಏರ್ ಪ್ಯೂರಿಫೈಯರ್ ಕೊಳ್ಳುವುದಾದರೆ ಕೋಣೆಯ ಗಾತ್ರವನ್ನು 5ರಿಂದ ಗುಣಿಸಿ. 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆ ಸುಮಾರು 41 ಘನ ಮೀಟರ್. ಗಂಟೆಗೆ 205 ಘನ ಮೀಟರ್ ಶುದ್ಧ ಗಾಳಿ ಕೊಡುವ (ಸಿಎಡಿಆರ್) ಯಂತ್ರ ಬೇಕು. ಅದಕ್ಕಿಂತ ಕಡಿಮೆಯದು ದೀಪ ಉರಿಸುತ್ತದೆ ಅಷ್ಟೇ. ಓಜೋನ್ ಹೊರಬಿಡುವ ಮಾದರಿಗಳು ಬೇಡ. ಮುಚ್ಚಿದ ಕೋಣೆಯಲ್ಲಿ ಊದುಬತ್ತಿ, ಸೊಳ್ಳೆ ಕಾಯಿಲ್ ಹಚ್ಚಿದರೆ ಪಿಎಂ 2.5 ಹೊರಗಿನ ರಸ್ತೆಯನ್ನೂ ಮೀರಬಹುದು. ಕಾಯಿಲ್ ಬದಲು ಸೊಳ್ಳೆಪರದೆ, ಒಗ್ಗರಣೆ ಹಾಕುವಾಗ ಎಕ್ಸಾಸ್ಟ್ ಫ್ಯಾನ್.

ಅಸ್ತಮಾ ಇರುವವರು ಮಾಡುವ ಸಾಮಾನ್ಯ ತಪ್ಪು, ಮಳೆಗಾಲ ಮುಗಿದು ಉಸಿರು ಸರಾಗವಾದಾಗ ದಿನನಿತ್ಯದ ಇನ್‌ಹೇಲರ್ ನಿಲ್ಲಿಸುವುದು. ಅದು ಉರಿಯೂತವನ್ನು ಹದ್ದುಬಸ್ತಿನಲ್ಲಿಡುವ ಔಷಧಿ. ನಿಲ್ಲಿಸಿ ಕೆಲವು ವಾರಗಳಾದ ಮೇಲೆ ಬರುವ ದೀಪಾವಳಿ ಹೊಗೆ ಮತ್ತು ಡಿಸೆಂಬರ್ ಚಳಿ ಶ್ವಾಸನಾಳವನ್ನು ಬಿಗಿಯುತ್ತವೆ. ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ತಕ್ಷಣದ ಉಪಶಮನದ ಇನ್‌ಹೇಲರ್ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾಗುತ್ತಿದ್ದರೆ ಅಸ್ತಮಾ ಹತೋಟಿಯಲ್ಲಿಲ್ಲ ಎಂದೇ ಅರ್ಥ. ಮಕ್ಕಳಿಗೆ ಇನ್‌ಹೇಲರ್‌ಗೆ ಸ್ಪೇಸರ್ (ಔಷಧಿಯನ್ನು ನಿಧಾನವಾಗಿ ಎಳೆದುಕೊಳ್ಳಲು ನೆರವಾಗುವ ಕೊಳವೆ) ಜೋಡಿಸಿ ಕೊಡಿ, ಇಲ್ಲದಿದ್ದರೆ ಔಷಧಿಯ ಬಹುಪಾಲು ಗಂಟಲಲ್ಲೇ ಉಳಿಯುತ್ತದೆ. ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು, ತುಟಿ ನೀಲಿಗಟ್ಟುವುದು, ಎದೆ ಬಿಗಿತ ಎಡತೋಳಿಗೋ ದವಡೆಗೋ ಹರಡುವುದು ಕಂಡರೆ ಅದನ್ನು ‘ದೂಳಿನ ಅಲರ್ಜಿ’ ಎಂದು ಮನೆಯಲ್ಲಿ ಕಾಯದೆ 108ಕ್ಕೆ ಕರೆ ಮಾಡಿ.